ಕಪ್ಪು ಹೊಗೆಗೆ ಹುಲಗಲದ ಎಣ್ಣೆ

ಅಮೀನಗಡದ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ್ದು ಕರದಂಟು ಮತ್ತು ಕುರಿ-ದನಗಳ ಸಂತೆ. ಎರಡೂ ನಡೆಯುವುದು ಡೀಸೆಲ್ ಮೇಲೆ. ಸಂತೆಗೆ ಕುರಿ ತುಂಬಿಕೊಂಡು ಗೂಡ್ಸ್ ಗಾಡಿಗಳು ಬರುತ್ತವೆ. ಸುತ್ತಲ ಹಳ್ಳಿಯ ಮಂದಿ ಟಂಟಂ, ಕ್ರೂಸರ್‌ಗಳಲ್ಲಿ ಒತ್ತಿಕೊಂಡು ಕೂತು ಬರುತ್ತಾರೆ. ಬೆಳಗಾವಿ–ರಾಯಚೂರು ರಸ್ತೆಯ ಮೇಲೆ ವಾಯವ್ಯ ಸಾರಿಗೆಯ ಬಸ್ಸು, ದೂರದೂರಿನ ಲಾರಿ. ಹುನಗುಂದ ದಾಟಿ ಇಳಕಲ್ ಕಡೆ ಹೊರಳಿದರೆ ಕೆಂಪು ಗ್ರಾನೈಟ್ ಬಂಡೆ ಹೊತ್ತ ಟ್ರಕ್ಕು, ಕ್ವಾರಿಯ ಕಂಪ್ರೆಸರು, ಜನರೇಟರು. ಐಹೊಳೆಯ ಕಡೆ ಇಳಿದರೆ ಮಲಪ್ರಭೆಯ ದಂಡೆಯ ಪಂಪ್‌ಸೆಟ್ಟು. ಬಾಗಲಕೋಟೆ ಜಿಲ್ಲೆಯ ಪಶ್ಚಿಮಕ್ಕೆ, ಮುಧೋಳ–ಜಮಖಂಡಿಗಳಲ್ಲಿ, ಕಬ್ಬು ನುರಿಸುವ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು.

ಇಷ್ಟೂ ಎಂಜಿನ್‌ಗಳು ಒಂದೇ ಇಂಧನ ಕುಡಿಯುತ್ತವೆ, ಆದರೆ ಬಿಡುವ ಹೊಗೆ ಒಂದೇ ಅಲ್ಲ. ಹೊಸ ಲಾರಿಯ ಹೊಗೆ ಕಣ್ಣಿಗೆ ಕಾಣುವುದೇ ಕಡಿಮೆ. ಹಳೆಯ ಟಂಟಂ ಏರು ಹತ್ತುವಾಗ ಹಿಂದೆ ಬರುವ ಬೈಕಿನವನು ಉಸಿರು ಬಿಗಿಹಿಡಿಯಬೇಕಾಗುತ್ತದೆ. ಈ ಅಧ್ಯಾಯದ ಮಾತೆಲ್ಲ ಈ ವ್ಯತ್ಯಾಸದ ಸುತ್ತ. ಗಿಡಮರಗಳಿಂದ ಬಂದ ಇಂಧನವನ್ನು ಡೀಸೆಲ್‌ಗೆ ಬೆರೆಸಿದರೆ ಹೊಗೆ ಕಡಿಮೆಯಾಗುತ್ತದೆ ಎಂಬುದು ನೂರಾರು ಪ್ರಯೋಗಗಳು ಒಪ್ಪಿದ ಸಂಗತಿ. ಯಾವ ಎಂಜಿನ್‌ಗೆ ಬೆರೆಸಬೇಕು, ಆ ಇಂಧನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ನಮ್ಮ ನೀತಿಗಳು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನನ್ನ ಉತ್ತರ ಇದು: ಮಿಶ್ರಣದ ಜಾಗ ಹೆದ್ದಾರಿಯ ಹೊಸ ಲಾರಿಯಲ್ಲಿಲ್ಲ, ಹಳ್ಳಿಯ ಹಳೆಯ ಎಂಜಿನ್‌ನಲ್ಲಿದೆ, ಅದರ ಎಣ್ಣೆ ಹುನಗುಂದದ ಎರೆ ಹೊಲದ ಒಡ್ಡಿನ ಮೇಲೆಯೇ ಬೆಳೆಯಬಲ್ಲದು.

ಹೊಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಮತ್ತು ಗಾಳಿ ಮೊದಲೇ ಬೆರೆತು, ಆಮೇಲೆ ಕಿಡಿಯಿಂದ ಹೊತ್ತಿಕೊಳ್ಳುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನೇಳು-ಹದಿನೆಂಟನೇ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿ ಕಾದು ಕೆಂಡವಾಗಿರುವ ಕ್ಷಣದಲ್ಲಿ ಇಂಜೆಕ್ಟರ್ ಎಣ್ಣೆಯನ್ನು ತುಂತುರಾಗಿ ಎರಚುತ್ತದೆ. ತುಂತುರಿನ ಅಂಚು ಗಾಳಿಯೊಡನೆ ಬೆರೆತು ಉರಿಯುತ್ತದೆ. ನಡುವಿನ ಭಾಗಕ್ಕೆ ಮಾತ್ರ ಆಮ್ಲಜನಕ ಸಾಲದು. ಬಿಸಿ ಇದೆ, ಇಂಧನ ಇದೆ, ಉಸಿರಿಲ್ಲ. ಅಲ್ಲಿ ಇಂಧನದ ಅಣುಗಳು ಮುರಿದು, ಅವುಗಳ ಇಂಗಾಲ ಒಂದಕ್ಕೊಂದು ಅಂಟಿಕೊಂಡು ಮಸಿಯ ಕಣವಾಗುತ್ತದೆ. ಹೀಗೆ ಹುಟ್ಟಿದ ಮಸಿಯಲ್ಲಿ ಹೆಚ್ಚಿನದು ಅದೇ ಸಿಲಿಂಡರಿನಲ್ಲಿ ಮುಂದೆ ಗಾಳಿ ಸಿಕ್ಕಾಗ ಸುಟ್ಟುಹೋಗುತ್ತದೆ. ಉಳಿದದ್ದು ಸೈಲೆನ್ಸರಿನಿಂದ ಹೊರಬೀಳುತ್ತದೆ. ಇಂಜೆಕ್ಟರ್ ಸವೆದು ತುಂತುರು ದಪ್ಪ ಹನಿಯಾದರೆ, ಏರ್ ಫಿಲ್ಟರಿನಲ್ಲಿ ದೂಳು ಕಟ್ಟಿದರೆ, ಹೊರಲಾರದಷ್ಟು ಭಾರ ಹೇರಿದರೆ ಈ ಉಳಿಕೆ ಹೆಚ್ಚುತ್ತದೆ. ಸಂತೆಯ ದಿನ ಹನ್ನೆರಡು ಮಂದಿ ಹೊತ್ತ ಟಂಟಂಗೆ ಈ ಮೂರೂ ಇರುತ್ತವೆ.

ಹೊಗೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಭಾಗವಿದೆ. ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಇರುವುದು ಸಾರಜನಕ. ಸಾಮಾನ್ಯವಾಗಿ ಅದು ಯಾರ ತಂಟೆಗೂ ಹೋಗದ ಅನಿಲ. ಆದರೆ ಜ್ವಾಲೆಯ ಅತಿ ಬಿಸಿಯಾದ ಜಾಗಗಳಲ್ಲಿ, ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಅದೂ ಆಮ್ಲಜನಕವನ್ನು ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ಶ್ವಾಸನಾಳವನ್ನು ಕೆರಳಿಸುವುದು, ಬಿಸಿಲಿನಲ್ಲಿ ಓಝೋನ್ ಹುಟ್ಟಿಸುವುದು ಇವೇ. ಮಸಿ ಮತ್ತು ಈ ಆಕ್ಸೈಡ್‌ಗಳು ಡೀಸೆಲ್ ಎಂಜಿನಿಯರನನ್ನು ಎರಡು ಕಡೆಯಿಂದ ಎಳೆಯುತ್ತವೆ. ಉರಿ ಚೆನ್ನಾಗಿ ಬಿಸಿಯಾದರೆ ಮಸಿ ಸುಡುತ್ತದೆ, ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಉರಿಯನ್ನು ತಣಿಸಿದರೆ ಆಕ್ಸೈಡ್ ಇಳಿದು ಮಸಿ ಏರುತ್ತದೆ. ಮಿಶ್ರ ಇಂಧನಗಳ ಕತೆ ಓದುವಾಗ ಈ ಎಳೆದಾಟವನ್ನು ಮರೆಯಬಾರದು.

2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಆ ತೀರ್ಮಾನಕ್ಕೆ ಮುಖ್ಯ ಆಧಾರಗಳಲ್ಲೊಂದು, ಗಣಿಯೊಳಗೆ ವರ್ಷಗಟ್ಟಲೆ ಡೀಸೆಲ್ ಯಂತ್ರಗಳ ನಡುವೆ ದುಡಿದವರ ಮೇಲಿನ ಅಧ್ಯಯನ. ಅದನ್ನು ಓದಿದಾಗ ನನಗೆ ನೆನಪಾಗುವುದು ಮಹಾನಗರದ ಟ್ರಾಫಿಕ್ಕಲ್ಲ, ಇಳಕಲ್ಲಿನ ಕ್ವಾರಿಗಳು. ಮೂರು ಕಡೆ ಬಂಡೆಯ ಗೋಡೆ, ಕೆಳಗೆ ಕಂಪ್ರೆಸರು, ಅದರ ಪಕ್ಕದಲ್ಲಿ ದಿನವಿಡೀ ಡ್ರಿಲ್ ಹಿಡಿದು ನಿಂತ ಕೂಲಿಕಾರ.

ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸ ಯೋಚನೆಯೇನಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೊ ಕಂಪನಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿತು. ಅದರ ಹಿಂದೆ ಫ್ರೆಂಚ್ ಸರ್ಕಾರದ ಆಸಕ್ತಿಯಿತ್ತು: ಆಫ್ರಿಕಾದ ತನ್ನ ವಸಾಹತುಗಳಲ್ಲಿ ಶೇಂಗಾ ಹೇರಳವಾಗಿತ್ತು, ಕಲ್ಲಿದ್ದಲಾಗಲಿ ಪೆಟ್ರೋಲಿಯಂ ಆಗಲಿ ಇರಲಿಲ್ಲ. ಎಂಜಿನ್ನಿಗೆ ಹೆಸರು ಕೊಟ್ಟ ರುಡಾಲ್ಫ್ ಡೀಸೆಲ್ 1912ರಲ್ಲಿ ಈ ಪ್ರಯೋಗವನ್ನು ನೆನೆದು, ಸಸ್ಯತೈಲಕ್ಕೆ ಮುಂದೆ ದೊಡ್ಡ ಪಾತ್ರ ಸಿಗಬಹುದೆಂದು ಹೇಳಿದ್ದ. ಮರುವರ್ಷ, ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವನು ಕಾಣೆಯಾದ. ಅಷ್ಟರಲ್ಲಿ ಪೆಟ್ರೋಲಿಯಂ ಅಗ್ಗವಾಗಿತ್ತು. ಎಂಜಿನ್‌ಗಳ ಇಂಜೆಕ್ಟರು, ಪಂಪು, ಫಿಲ್ಟರುಗಳೆಲ್ಲ ಆ ತೆಳು ಎಣ್ಣೆಗೆ ಒಗ್ಗುವಂತೆಯೇ ಬೆಳೆದವು.

ಇಂದಿನ ಎಂಜಿನ್‌ಗೆ ಗಾಣದ ಎಣ್ಣೆಯನ್ನು ನೇರವಾಗಿ ಸುರಿದರೆ ಆಗುವ ತೊಂದರೆಯ ಮೂಲ ಇಲ್ಲಿದೆ. ಸಸ್ಯತೈಲ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಮಿಗಿಲಾಗಿ ಮಂದ. ತುಂತುರಾಗಬೇಕಾದ್ದು ಧಾರೆಯಾಗುತ್ತದೆ. ಇಂಜೆಕ್ಟರಿನ ಮೂತಿಗೆ ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗು ಅಂಟುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಮೊದಲ ಕೆಲವು ತಾಸು ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಹೀಗಾಗಿ ‘ನಾನು ಎಣ್ಣೆ ಹಾಕಿ ಓಡಿಸಿದೆ, ಏನೂ ಆಗಲಿಲ್ಲ’ ಎನ್ನುವವರ ಮಾತನ್ನು ನೂರು ತಾಸಿನ ಓಟದ ನಂತರವೇ ಕೇಳಬೇಕು.

ಈ ಮಂದತನಕ್ಕೆ ಕಾರಣ ಅಣುವಿನ ರಚನೆ. ಎಣ್ಣೆಯ ಒಂದೊಂದು ಅಣುವೂ ಒಂದೇ ನೊಗಕ್ಕೆ ಕಟ್ಟಿದ ಮೂರು ಎತ್ತುಗಳ ಹಾಗೆ: ನೊಗ ಗ್ಲಿಸರಾಲ್, ಎತ್ತುಗಳು ಉದ್ದನೆಯ ಕೊಬ್ಬಿನಾಮ್ಲದ ಸರಪಳಿಗಳು. ಇದಕ್ಕೆ ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಬೆರೆಸಿ, ಸುಮಾರು 60 ಡಿಗ್ರಿಗೆ ಕಾಯಿಸಿ ಕಲಕಿದರೆ ಮೂರು ಸರಪಳಿಗಳೂ ಗ್ಲಿಸರಾಲಿನಿಂದ ಬಿಡಿಸಿಕೊಂಡು ಒಂದೊಂದು ಮೆಥನಾಲ್ ಅಣುವಿಗೆ ಅಂಟಿಕೊಳ್ಳುತ್ತವೆ. ಆ ಬಿಡಿ ಸರಪಳಿಯೇ ಬಯೋಡೀಸೆಲ್. 100 ಕಿಲೊ ಎಣ್ಣೆಗೆ ಕನಿಷ್ಠ 11 ಕಿಲೊ ಮೆಥನಾಲ್ ಬೇಕು. ಸುಮಾರು 100 ಕಿಲೊ ಬಯೋಡೀಸೆಲ್ ಮತ್ತು 10 ಕಿಲೊಗಿಂತ ಸ್ವಲ್ಪ ಹೆಚ್ಚು ಗ್ಲಿಸರಾಲ್ ಬರುತ್ತದೆ. ಗ್ಲಿಸರಾಲ್ ಭಾರವಾದ್ದರಿಂದ ಕೆಳಗೆ ಇಳಿಯುತ್ತದೆ, ಅದನ್ನು ಬಸಿದು ಸೋಪಿಗೆ ಬಳಸಬಹುದು. ಮೇಲೆ ನಿಂತದ್ದನ್ನು ತೊಳೆದು, ನೀರಿನಂಶ ತೆಗೆದರೆ ಡೀಸೆಲ್‌ನಷ್ಟೇ ಸರಾಗವಾಗಿ ಹರಿಯುವ ಇಂಧನ. 1937ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದವರು ಬ್ರಸೆಲ್ಸ್ ವಿಶ್ವವಿದ್ಯಾಲಯದ ಶಾವಾನ್. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಒಂದು ಬಸ್ಸು ತಾಳೆ ಎಣ್ಣೆಯಿಂದ ಮಾಡಿದ ಇಂಥ ಇಂಧನದ ಮೇಲೆ ಓಡಿತು. ಶಾವಾನ್ ಬಳಸಿದ್ದು ಮೆಥನಾಲ್ ಅಲ್ಲ, ಎಥನಾಲ್. ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಸಂಗತಿ. ಇದರ ಮಾತು ಕೊನೆಗೆ ಬರುತ್ತದೆ.

ಕರ್ನಾಟಕದಲ್ಲಿ ಈ ವಿಚಾರ ಬಲವಾಗಿ ಎದ್ದದ್ದು 1990ರ ದಶಕದ ಕೊನೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ, ಹಳ್ಳಿಯ ನೀರಾವರಿಗೂ ಬೆಳಕಿಗೂ ಅದನ್ನು ಬಳಸಬಹುದೆಂದು ತೋರಿಸಿದರು. 2001ರ ಸುಮಾರಿಗೆ ದಾಂಡೇಲಿಯ ಫೆರೊ ಅಲಾಯ್ಸ್ ಕಾರ್ಖಾನೆ ತನ್ನ ಜನರೇಟರುಗಳಿಗೆ ಹೊಂಗೆ ಎಣ್ಣೆ ಹಾಕಿತು. ಒಂದೇ ವೇಗದಲ್ಲಿ, ಒಂದೇ ಭಾರ ಹೊತ್ತು ದಿನಗಟ್ಟಲೆ ಓಡುವ ದೊಡ್ಡ ಜನರೇಟರಿಗೆ ದಪ್ಪ ಎಣ್ಣೆ ಅಷ್ಟು ಕಷ್ಟವಲ್ಲ. ಬ್ರೇಕು, ಕ್ಲಚ್ಚುಗಳ ನಡುವೆ ನಿಮಿಷಕ್ಕೊಮ್ಮೆ ವೇಗ ಬದಲಿಸುವ ವಾಹನಕ್ಕೆ ಅದು ಕಷ್ಟ. ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿ ತಂದಿತು, ಆಮೇಲೆ ಅದಕ್ಕೊಂದು ಮಂಡಳಿ ಬಂತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳನ್ನು ಹಂಚಲಾಯಿತು. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಡೆಸಿದ ಜೈವಿಕ ಇಂಧನ ಉದ್ಯಾನ ಈ ದಾರಿಯ ಮುಖ್ಯ ಮಾದರಿ.

ಕರ್ನಾಟಕ ಹಲವು ಮರಗಳನ್ನು ನೆಚ್ಚಿದ್ದು ಒಳ್ಳೆಯದೇ ಆಯಿತು. ದೇಶದ ಮಟ್ಟದಲ್ಲಿ 2003ರ ಹೊತ್ತಿಗೆ ಯೋಜನಾ ಆಯೋಗ ನೆಚ್ಚಿದ್ದು ಒಂದೇ ಗಿಡವನ್ನು: ಜಟ್ರೋಫಾ. ಬರಡು ನೆಲದಲ್ಲಿ ನೀರಿಲ್ಲದೆ ಬೆಳೆದು ಡೀಸೆಲ್‌ನ ಐದರಲ್ಲಿ ಒಂದು ಪಾಲು ಕೊಡುತ್ತದೆಂದು ಲೆಕ್ಕ ಹಾಕಲಾಗಿತ್ತು. ನೀರಿಲ್ಲದೆ ಗಿಡವೇನೋ ಬದುಕಿತು, ಕಾಯಿ ಬಿಡಲಿಲ್ಲ. ನೆಟ್ಟ ರೈತರು ಕಿತ್ತು ಹಾಕಿದರು. ಜೈವಿಕ ಇಂಧನ ಎಂದರೆ ಇಂದಿಗೂ ಹಳ್ಳಿಗಳಲ್ಲಿ ಅನುಮಾನ ಕಾಣುವುದಕ್ಕೆ ಆ ಅನುಭವವೇ ಕಾರಣ, ಆ ಅನುಮಾನ ನ್ಯಾಯವಾದದ್ದು.

ಪ್ರಯೋಗಶಾಲೆಯ ಕೆಲಸವನ್ನು ಹೇಳುವಾಗ ಒಂದು ಎಂಜಿನ್‌ನ ಬಗ್ಗೆ ಹೇಳಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ ಬೆಳೆದ ಆ ಮನೆತನದ ಉದ್ಯಮದಿಂದ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿತು. ಅದರ ಒಂಟಿ ಸಿಲಿಂಡರಿನ ಎಂಜಿನ್, ನಿಮಿಷಕ್ಕೆ 1,500 ಸುತ್ತು, 5.2 ಕಿಲೊವ್ಯಾಟ್, 17.5ಕ್ಕೆ 1ರ ಸಂಪೀಡನ, ಉತ್ತರ ಕರ್ನಾಟಕದ ಬಾವಿಗಳ ಮೇಲೂ ನಿಂತಿತು, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲೂ ನಿಂತಿತು. ಭಾರತದಿಂದ ಪ್ರಕಟವಾದ ಬಯೋಡೀಸೆಲ್ ಪ್ರಬಂಧಗಳನ್ನು ತೆರೆದು ನೋಡಿ, ಎಂಜಿನ್‌ನ ವಿವರದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದು ಇದೇ ಅಂಕಿ. ಅಂದರೆ ಹುಬ್ಬಳ್ಳಿಯ ಪ್ರಯೋಗಶಾಲೆಯಲ್ಲಿ ಅಳೆದದ್ದು ಮಲಪ್ರಭೆಯ ದಂಡೆಯ ಪಂಪ್‌ಸೆಟ್ಟಿಗೆ ನೇರವಾಗಿ ಅನ್ವಯಿಸುತ್ತದೆ. ವಿಜ್ಞಾನದಲ್ಲಿ ಇಂಥ ಅದೃಷ್ಟ ಅಪರೂಪ. ಪ್ರಯೋಗಕ್ಕೂ ಬಳಕೆಗೂ ನಡುವೆ ಇರುವ ದೊಡ್ಡ ಕಂದಕ ಇಲ್ಲಿ ಇಲ್ಲವೇ ಇಲ್ಲ. ಆದರೂ ಆ ಪ್ರಬಂಧಗಳು ಬಾವಿಯ ತನಕ ಬರಲಿಲ್ಲ ಎಂಬುದು ನನ್ನ ನೋವು.

ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ, ಇಂದಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದ, ಎನ್.ಆರ್. ಬನ್ನಾಪುರಮಠ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೊಂಗೆ, ಜಟ್ರೋಫಾ, ಎಳ್ಳು ಈ ಮೂರು ಎಣ್ಣೆಗಳ ಬಯೋಡೀಸೆಲ್‌ಗಳನ್ನು ಒಂಟಿ ಸಿಲಿಂಡರಿನ ಎಂಜಿನ್‌ನಲ್ಲಿ ಹೋಲಿಸಿತು. ದಕ್ಷತೆಯಲ್ಲೂ ಹೊಗೆಯಲ್ಲೂ ಮೇಲುಗೈ ಎಳ್ಳಿನದಾಯಿತು. ಎಳ್ಳೆಣ್ಣೆ ಸುಡುವುದು ಯಾರಿಗೂ ಗಿಟ್ಟುವ ಮಾತಲ್ಲ, ದೇಶವೇ ಅಡುಗೆ ಎಣ್ಣೆಯ ಅರ್ಧಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತಿದೆ. ಆದರೆ ಈ ಫಲಿತಾಂಶದ ಪಾಠ ಬೇರೆ: ‘ಬಯೋಡೀಸೆಲ್’ ಎಂಬುದು ಒಂದೇ ವಸ್ತುವಲ್ಲ. ಯಾವ ಬೀಜ, ಎಣ್ಣೆಯಲ್ಲಿ ಆಮ್ಲದಂಶ ಎಷ್ಟು, ಕ್ರಿಯೆ ಎಷ್ಟು ಪೂರ್ತಿಯಾಗಿದೆ, ಇಂಜೆಕ್ಟರ್ ಯಾವ ಕ್ಷಣಕ್ಕೆ ತೆರೆಯುತ್ತದೆ ಎಂಬುದರ ಮೇಲೆ ಹೊಗೆ ಏರಿಳಿಯುತ್ತದೆ.

ಸರಾಸರಿ ಅಂದಾಜು ಬೇಕೆನ್ನುವವರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕವಿದೆ. ಹಳೆಯ ಭಾರಿ ಎಂಜಿನ್‌ಗಳಿಗೆ ನೂರರಲ್ಲಿ 20 ಪಾಲು ಸೋಯಾ ಬಯೋಡೀಸೆಲ್ ಬೆರೆಸಿದಾಗ ಮಸಿಕಣ ಸುಮಾರು ಶೇ 10, ಕಾರ್ಬನ್ ಮೊನಾಕ್ಸೈಡ್ ಶೇ 11, ಸುಡದೆ ಉಳಿದ ಹೈಡ್ರೋಕಾರ್ಬನ್ ಶೇ 21ರಷ್ಟು ಇಳಿದವು. ನೈಟ್ರೋಜನ್ ಆಕ್ಸೈಡ್ ಶೇ 2ರಷ್ಟು ಏರಿತು. ಪೂರ್ತಿ ಬಯೋಡೀಸೆಲ್ ಹಾಕಿದರೆ ಮಸಿ ಶೇ 47ರಷ್ಟು ಇಳಿಯಿತು, ನೈಟ್ರೋಜನ್ ಆಕ್ಸೈಡ್ ಶೇ 10ರಷ್ಟು ಏರಿತು.

ಮಸಿ ಇಳಿಯಲು ಕಾರಣ ಸ್ಪಷ್ಟ. ಡೀಸೆಲ್‌ನಲ್ಲಿ ಆಮ್ಲಜನಕವಿಲ್ಲ. ಬಯೋಡೀಸೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 11 ಪಾಲು ಆಮ್ಲಜನಕವೇ. ತುಂತುರಿನ ನಡುವೆ ಉಸಿರು ಸಿಗದ ಜಾಗಕ್ಕೆ ಇಂಧನ ತನ್ನ ಉಸಿರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ನೈಟ್ರೋಜನ್ ಆಕ್ಸೈಡ್ ಏರಲು ಹಲವು ಕಾರಣಗಳಿವೆ. ಹಳೆಯ ಎಂಜಿನ್‌ಗಳಲ್ಲಿ ಒಂದು ಕಾರಣ ಸ್ವಾರಸ್ಯಕರ. ಬಯೋಡೀಸೆಲ್ ಡೀಸೆಲ್‌ಗಿಂತ ಕಡಿಮೆ ಕುಗ್ಗುವ ದ್ರವ. ಪಂಪು ಒತ್ತಿದ ಒತ್ತಡ ನಳಿಕೆಯ ಮೂಲಕ ಇಂಜೆಕ್ಟರನ್ನು ಬೇಗ ಮುಟ್ಟುತ್ತದೆ, ಸೂಜಿ ಕೊಂಚ ಮುಂಚೆಯೇ ಎದ್ದುಬಿಡುತ್ತದೆ. ಉರಿ ಬೇಗ ಶುರುವಾದಷ್ಟೂ ಜ್ವಾಲೆ ಬಿಸಿ. ಇದಕ್ಕೆ ಮದ್ದು ಮೆಕ್ಯಾನಿಕ್ಕನ ಕೈಯಲ್ಲೇ ಇದೆ: ಪಂಪಿನ ಕೆಳಗಿನ ಶಿಮ್ ಬದಲಿಸಿ ಟೈಮಿಂಗನ್ನು ಕೆಲವು ಡಿಗ್ರಿ ಹಿಂದಕ್ಕೆ ಸರಿಸುವುದು. ಮಸಿಯಲ್ಲಿ ಗಳಿಸಿದ್ದರ ಒಂದಿಷ್ಟು ಪಾಲನ್ನು ಬಿಟ್ಟುಕೊಟ್ಟು ನೈಟ್ರೋಜನ್ ಆಕ್ಸೈಡನ್ನು ಮೊದಲಿನ ಮಟ್ಟಕ್ಕೆ ತರಬಹುದು.

ಈಗ ಹೊಸ ಲಾರಿಯ ಕಡೆ ಬರೋಣ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಲ್ಲಿದೆ. ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಹೊಸ ಲಾರಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರೂ, ಯೂರಿಯಾ ದ್ರಾವಣ ಎರಚಿ ನೈಟ್ರೋಜನ್ ಆಕ್ಸೈಡನ್ನು ಮುರಿಯುವ ಸಾಧನವೂ ಇವೆ. ಅಲ್ಲಿ ಬಯೋಡೀಸೆಲ್ ಹೊಗೆಯ ವಿಷಯದಲ್ಲಿ ಮಾಡುವುದು ಹೆಚ್ಚೇನೂ ಉಳಿದಿಲ್ಲ. ಕೆಲವು ಎಂಜಿನ್‌ಗಳಿಗೆ ತೊಂದರೆಯೂ ಆಗಬಹುದು: ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಸುಡಲು ಅವು ಸಿಲಿಂಡರಿಗೆ ಹೆಚ್ಚುವರಿ ಇಂಧನ ಎರಚುತ್ತವೆ, ಬೇಗ ಆವಿಯಾಗದ ಬಯೋಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿಗೆ ಸೇರಿ ಅದನ್ನು ತೆಳುಮಾಡುತ್ತದೆ. ಇಂಥ ಗಾಡಿಗಳಿಗೆ ಸಾಮಾನ್ಯ ಡೀಸೆಲ್‌ನಲ್ಲೇ ಶೇ 7ರ ತನಕ ಬೆರೆಸಲು ಭಾರತೀಯ ಮಾನಕ ಬಿಟ್ಟಿದೆ. ಅಷ್ಟು ಸಾಕು. ಗಂಧಕ ತೆಗೆದ ಡೀಸೆಲ್ ಕಳೆದುಕೊಂಡ ಜಾರುಗುಣವನ್ನು ಆ ಸಣ್ಣ ಪಾಲೇ ತುಂಬಿಕೊಡುತ್ತದೆ.

ಟ್ರ್ಯಾಕ್ಟರಿನ ಪರಿಸ್ಥಿತಿ ಬೇರೆ. 2023ರ ಜನವರಿಯಿಂದ ಕಠಿಣ ನಿಯಮ ಬಂದದ್ದು 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ. ನಮ್ಮ ಹೊಲಗಳಲ್ಲಿ ಓಡುವವು ಹೆಚ್ಚಾಗಿ ಅದಕ್ಕಿಂತ ಸಣ್ಣವು. ಅವಕ್ಕೆ ಫಿಲ್ಟರಿಲ್ಲ. ಬಾವಿಯ ಎಂಜಿನ್‌ಗಿಲ್ಲ, ಹಳೆಯ ಟಂಟಂಗಿಲ್ಲ, ಹಳೆಯ ಕಂಪ್ರೆಸರಿಗಿಲ್ಲ. ಇವು ಇನ್ನೂ ಹದಿನೈದು-ಇಪ್ಪತ್ತು ವರ್ಷ ಓಡುತ್ತವೆ, ಯಾಕೆಂದರೆ ಇವುಗಳ ಒಡೆಯರಿಗೆ ಹೊಸದು ಕೊಳ್ಳಲು ಆಗುವುದಿಲ್ಲ. ಈ ಎಂಜಿನ್‌ಗಳ ಹೊಗೆ ಇಳಿಸಲು ಸರ್ಕಾರದ ಕೈಯಲ್ಲಿರುವ ಸುಲಭ ಸಾಧನ ಇಂಧನವೇ. ಎಂಜಿನ್ ಬಿಚ್ಚಬೇಕಿಲ್ಲ. ಶೇ 20ರ ಮಿಶ್ರಣಕ್ಕೆ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸುವುದು, ಮೊದಲ ಕೆಲವು ವಾರ ಫಿಲ್ಟರನ್ನು ಬೇಗ ಬೇಗ ಬದಲಿಸುವುದು ಇಷ್ಟೇ ಬೇಕು. ಬಯೋಡೀಸೆಲ್ ಟ್ಯಾಂಕಿನಲ್ಲಿ ವರ್ಷಗಳಿಂದ ಕಟ್ಟಿದ ಕಿಟ್ಟವನ್ನು ಕರಗಿಸಿ ತರುವುದರಿಂದ ಫಿಲ್ಟರ್ ಕಟ್ಟುತ್ತದೆ. ಅದನ್ನು ಕಂಡು ಇಂಧನವೇ ಕೆಟ್ಟದ್ದೆಂದು ಬಿಟ್ಟವರು ಅನೇಕರು.

ಆದರೆ ದೇಶದ ಗುರಿ ಬೇರೆಯೇ ಭಾಷೆಯಲ್ಲಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಬೇಕೆನ್ನುತ್ತದೆ. ದೇಶ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್. ಅದರ ಶೇ 5 ಎಂದರೆ 45 ಲಕ್ಷ ಟನ್. ಒಡ್ಡಿನ ಮರಗಳಿಂದ ಅದು ಬರುವ ಮಾತಲ್ಲ. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸಂಗ್ರಹಿಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಶುರುಮಾಡಿದ ಯೋಜನೆ ಒಳ್ಳೆಯದು. ಮತ್ತೆ ಮತ್ತೆ ಕಾಸಿದ ಎಣ್ಣೆ ಹೊಟ್ಟೆಗೆ ಹೋಗುವುದಕ್ಕಿಂತ ಎಂಜಿನ್ನಿಗೆ ಹೋಗುವುದು ಸಾವಿರ ಪಾಲು ಲೇಸು. ಆದರೆ ಮಿರ್ಚಿ ಬಜಿಯ ಬಂಡಿಯಲ್ಲಿ ರಾತ್ರಿಗೆ ಉಳಿಯುವ ಎಣ್ಣೆ ಎಷ್ಟು? ಅದು ನಗರದ ಲೆಕ್ಕ.

ದೇಶದ ಅಂಕಿಯನ್ನು ಬದಿಗಿಟ್ಟು ಒಂದು ಟ್ರ್ಯಾಕ್ಟರಿನ ಲೆಕ್ಕ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಸಾಧಾರಣ ಟ್ರ್ಯಾಕ್ಟರು ಉಳುವಾಗ ತಾಸಿಗೆ ಸುಮಾರು 5 ಲೀಟರ್ ಡೀಸೆಲ್ ಸುಡುತ್ತದೆ ಎನ್ನಿ. ನೂರು ತಾಸಿಗೆ 500 ಲೀಟರ್. ಅದರ ಶೇ 20 ಎಂದರೆ 100 ಲೀಟರ್ ಬಯೋಡೀಸೆಲ್. ಎಕ್ಸ್‌ಪೆಲ್ಲರಿನಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿಲೊ ಹೊಂಗೆ ಬೀಜ ಬೇಕು. ನಡುವಿನ ನಷ್ಟ ಸೇರಿಸಿ 450 ಕಿಲೊ ಹಿಡಿಯೋಣ. ಬೆಳೆದ ಮರ ವರ್ಷಕ್ಕೆ 20 ಕಿಲೊ ಬೀಜ ಕೊಟ್ಟರೂ 22-23 ಮರ ಸಾಕು. ಹುನಗುಂದದ ಎರೆ ಹೊಲಗಳಲ್ಲಿ ಮಳೆ ನೀರು ಹಿಡಿಯಲು ಕಟ್ಟಿದ ಅಗಲ ಒಡ್ಡುಗಳನ್ನು ನೋಡಿದವರಿಗೆ ಇಪ್ಪತ್ತು ಮರ ಎಲ್ಲಿ ನಿಲ್ಲಬೇಕೆಂದು ಹೇಳಬೇಕಿಲ್ಲ.

ಹೊಂಗೆಗೆ ಈ ಕಡೆ ಹುಲಗಲ ಎನ್ನುತ್ತಾರೆ. ಅದು ಬರ ತಾಳುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಕುರಿ-ಆಡುಗಳ ಈ ಸೀಮೆಯಲ್ಲಿ ಅದಕ್ಕೆ ಇನ್ನೊಂದು ದೊಡ್ಡ ಅನುಕೂಲವಿದೆ: ಅದರ ಎಲೆಯನ್ನು ಅವು ಇಷ್ಟಪಟ್ಟು ಮೇಯುವುದಿಲ್ಲ. ಬೇಲಿಯಿಲ್ಲದ ಒಡ್ಡಿನ ಮೇಲೆ ಸಸಿ ಉಳಿಯುವುದೆಂದರೆ ಅಮೀನಗಡದ ಸುತ್ತ ಸಣ್ಣ ಮಾತಲ್ಲ. ಬೀಜದ ಕಹಿಯಿಂದಾಗಿ ಹಿಂಡಿ ದನಕ್ಕೆ ಆಗದು, ಆದರೆ ಹೊಲಕ್ಕೆ ಚಿನ್ನ: ಗೊಬ್ಬರವೂ ಹೌದು, ಬೇರು ಕೆಡಿಸುವ ಜಂತುಹುಳುಗಳಿಗೆ ತಡೆಯೂ ಹೌದು. ಎಣ್ಣೆ ಹೋದ ಮೇಲೂ ತೂಕದ ಮುಕ್ಕಾಲು ಪಾಲು ಹಿಂಡಿಯಾಗಿ ಹೊಲಕ್ಕೇ ಮರಳುವುದರಿಂದ ಈ ಬೆಳೆ ನೆಲವನ್ನು ಬಡವಾಗಿಸುವುದಿಲ್ಲ. ಕಷ್ಟವಿರುವುದು ಬೀಜ ಆಯುವುದರಲ್ಲಿ. ಕಾಯಿ ಬಲಿಯುವುದು ಬೇಸಿಗೆಯಲ್ಲಿ, ಹೊಲದಲ್ಲಿ ಬೇರೆ ಕೆಲಸವಿಲ್ಲದ ಕಾಲ ಎಂಬುದು ಸಮಾಧಾನ. ಆದರೆ ಬಿಸಿಲಲ್ಲಿ ಆಯ್ದು ಸುಲಿಯುವ ಹೆಣ್ಣುಮಕ್ಕಳ ಕೂಲಿ ಗಿಟ್ಟದಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬೀಜಕ್ಕೆ ಖಚಿತ ಬೆಲೆ ಕೊಡದ ಯಾವ ಯೋಜನೆಯೂ ಉಳಿಯದು.

ಎಣ್ಣೆಯದೂ ಒಂದು ಹಟವಿದೆ. ಆಯ್ದ ಬೀಜ ತೇವದಲ್ಲಿ ಬಿದ್ದಿದ್ದರೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚುತ್ತದೆ. ನೂರಕ್ಕೆ ಎರಡು ಪಾಲು ದಾಟಿದರೆ ಕ್ಷಾರ ಹಾಕಿದಾಗ ಬಯೋಡೀಸೆಲ್ ಬದಲು ಸೋಪಿನ ಗಂಜಿಯಾಗುತ್ತದೆ. ಆಗ ಮೊದಲು ಗಂಧಕಾಮ್ಲದ ಜೊತೆ ಒಂದು ಸುತ್ತು, ಆಮೇಲೆ ಕ್ಷಾರದ ಸುತ್ತು ನಡೆಸಬೇಕು. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವ ದ್ರವ. ಮನೆಯಂಗಳದಲ್ಲಿ ಕೊಡ ಇಟ್ಟು ಮಾಡುವ ಕೆಲಸವಲ್ಲ ಇದು. ಹತ್ತಾರು ಹಳ್ಳಿಗೆ ಒಂದು ಘಟಕ, ಅಲ್ಲೊಬ್ಬ ತರಬೇತಿ ಪಡೆದ ಕೆಲಸಗಾರ, ಪ್ರತಿ ಸಲದ ಮಾಲಿಗೂ ಪರೀಕ್ಷೆ ಇರಬೇಕು. ಪರೀಕ್ಷೆಯಲ್ಲಿ ಒಂದಂತೂ ಬಹಳ ಸರಳ. 27 ಮಿಲಿಲೀಟರ್ ಮೆಥನಾಲ್‌ಗೆ 3 ಮಿಲಿಲೀಟರ್ ಬಯೋಡೀಸೆಲ್ ಹಾಕಿ ಅಲುಗಿಸಿ. ಪೂರ್ತಿ ಕರಗಿ ತಿಳಿಯಾಗಿ ನಿಂತರೆ ಕ್ರಿಯೆ ಪೂರ್ತಿಯಾಗಿದೆ. ತಳದಲ್ಲಿ ಹನಿ ನಿಂತರೆ ಮಾರ್ಪಡದ ಎಣ್ಣೆ ಉಳಿದಿದೆ, ಅಥವಾ ಯಾರೋ ಖನಿಜ ತೈಲ ಬೆರೆಸಿದ್ದಾರೆ. ಬಯೋಡೀಸೆಲ್ ಎಂಬ ಹೆಸರಿನಲ್ಲಿ ಕಾರ್ಖಾನೆಯ ಅಗ್ಗದ ಎಣ್ಣೆ ಮಾರಿದ ಪ್ರಕರಣಗಳು ಗುಜರಾತ್, ಮಹಾರಾಷ್ಟ್ರಗಳಲ್ಲಿ ನಡೆದಿರುವುದರಿಂದ ಈ ಪರೀಕ್ಷೆಯನ್ನು ಪ್ರತಿ ಗ್ಯಾರೇಜೂ ಕಲಿಯಬೇಕು.

ಮೆಥನಾಲ್‌ನ ಇನ್ನೊಂದು ಕೊರತೆಯನ್ನು ಮುಚ್ಚಿಡಬಾರದು. ಅದು ಬರುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ. ಮರದಿಂದ ಬಂದ ಎಣ್ಣೆಗೆ ನೆಲದಡಿಯ ಇಂಗಾಲವನ್ನು ಜೋಡಿಸಿದಂತಾಯಿತು. ಇಲ್ಲಿ ಶಾವಾನ್ ನೆನಪಾಗುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಎಥನಾಲ್‌ಗೆ ಕೊರತೆಯಿಲ್ಲ. ಸಮೀರವಾಡಿಯಲ್ಲಿ ಗೋದಾವರಿ ಬಯೋರಿಫೈನರೀಸ್‌ನ ದೊಡ್ಡ ಘಟಕವಿದೆ, ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಡಿಸ್ಟಿಲರಿಗಳಿವೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದ ಶೇ 20ರ ಎಥನಾಲ್ ಪೆಟ್ರೋಲಿನ ಹಿಂದೆ ಇಂಥ ಕಬ್ಬಿನ ನಾಡುಗಳ ದುಡಿಮೆಯಿದೆ.

ಆ ಎಥನಾಲನ್ನು ನೇರವಾಗಿ ಡೀಸೆಲ್‌ಗೆ ಬೆರೆಸುವ ಯತ್ನವೂ ನಮ್ಮಲ್ಲಿ ನಡೆದಿದೆ. 2000ರ ದಶಕದ ಉತ್ತರಾರ್ಧದಲ್ಲಿ ಕೆಎಸ್ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಶೇ 7.7 ಎಥನಾಲ್ ಬೆರೆಸಿದ ಡೀಸೆಲ್ ಬಳಸಿತು. ಆದರೆ ಎಥನಾಲ್ ಮತ್ತು ಡೀಸೆಲ್ ತಾವಾಗಿ ಕೂಡಿರುವುದಿಲ್ಲ. ಸ್ವಲ್ಪ ನೀರು ಸೇರಿದರೆ ಬೇರೆಯಾಗುತ್ತವೆ, ಕೂಡಿಸಿಡಲು ಇನ್ನೊಂದು ರಾಸಾಯನಿಕ ಬೇಕು. ಎಥನಾಲ್ 13 ಡಿಗ್ರಿಗೇ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. ಬೆರೆಸಿದ ಟ್ಯಾಂಕಿಗೂ ಅದೇ ಅಪಾಯ ಬರುತ್ತದೆ. ಪುಣೆಯ ವಾಹನ ಸಂಶೋಧನಾ ಸಂಸ್ಥೆ ಈಗ ಎಥನಾಲ್ ಬಿಟ್ಟು ಐಸೊಬ್ಯುಟನಾಲ್ ಕಡೆ ನೋಡುತ್ತಿರುವುದಕ್ಕೆ ಇಂಥ ಕಾರಣಗಳಿವೆ.

ಆದರೆ ಎಥನಾಲನ್ನು ಟ್ಯಾಂಕಿಗೆ ಸುರಿಯುವ ಬದಲು ಹುಲಗಲದ ಎಣ್ಣೆಗೆ ಜೋಡಿಸಿದರೆ ಬರುವುದು ಈಥೈಲ್ ಎಸ್ಟರ್. ಅದು ಸುಲಭವಾಗಿ ಹೊತ್ತುವುದಿಲ್ಲ, ಡೀಸೆಲ್‌ನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ, ಅದರ ಇಂಗಾಲವೆಲ್ಲ ಮರ ಮತ್ತು ಕಬ್ಬು ಗಾಳಿಯಿಂದ ಹಿಡಿದದ್ದು. 100 ಕಿಲೊ ಎಣ್ಣೆಗೆ ಸುಮಾರು 16 ಕಿಲೊ ಎಥನಾಲ್ ಸೇರುತ್ತದೆ. ತೊಡಕುಗಳಿವೆ. ಎಥನಾಲ್‌ನಲ್ಲಿ ನೀರಿನಂಶ ಇರಲೇಬಾರದು. ಪೆಟ್ರೋಲಿಗೆಂದು ಮಾಡುವ ಎಥನಾಲ್ ಅಷ್ಟು ಶುದ್ಧವಾಗಿಯೇ ಇರುತ್ತದೆ. ಗ್ಲಿಸರಾಲ್ ಬೇಗ ಬೇರ್ಪಡದೆ ಮಜ್ಜಿಗೆಯಂತೆ ನಿಲ್ಲುತ್ತದೆ. ಹೆಚ್ಚಿನ ಎಥನಾಲನ್ನು ಮೊದಲೇ ಆವಿ ಮಾಡಿ ತೆಗೆದರೆ ಬೇರ್ಪಡುತ್ತದೆ. ಬೆಲೆಯ ತೊಡಕು ಮತ್ತು ಅಬಕಾರಿ ಪರವಾನಗಿಯ ತೊಡಕು ರಸಾಯನಶಾಸ್ತ್ರದ್ದಲ್ಲ, ಅವನ್ನು ಬಗೆಹರಿಸಬೇಕಾದವರು ವಿಧಾನಸೌಧದಲ್ಲಿದ್ದಾರೆ.

ಇದನ್ನು ಪರೀಕ್ಷಿಸಲು ಬೇಕಾದ್ದೆಲ್ಲ ಐವತ್ತು-ಅರವತ್ತು ಮೈಲಿಯೊಳಗೆ ಇದೆ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ, ಪಶ್ಚಿಮಕ್ಕೆ ಡಿಸ್ಟಿಲರಿಗಳಿವೆ, ಪೂರ್ವಕ್ಕೆ ಹುಲಗಲದ ಮರಗಳಿವೆ. ಒಂದು ಹಂಗಾಮು, ಮಲಪ್ರಭೆಯ ದಂಡೆಯ ಕೆಲವು ಪಂಪ್‌ಸೆಟ್ಟು, ಅಮೀನಗಡದ ಕೆಲವು ಟಂಟಂ, ಇಳಕಲ್ಲಿನ ಒಂದೆರಡು ಕಂಪ್ರೆಸರು. ಅರ್ಧಕ್ಕೆ ಶೇ 20ರ ಈಥೈಲ್ ಎಸ್ಟರ್ ಮಿಶ್ರಣ, ಉಳಿದರ್ಧಕ್ಕೆ ಬರೀ ಡೀಸೆಲ್. ಹೊಗೆಯ ಮಾಪಕವೊಂದೇ ಸಾಲದು, ನೈಟ್ರೋಜನ್ ಆಕ್ಸೈಡನ್ನೂ ಅಳೆಯಬೇಕು. ನೂರು ತಾಸಿಗೊಮ್ಮೆ ಇಂಜೆಕ್ಟರ್ ಬಿಚ್ಚಿ ನೋಡಬೇಕು, ಎಂಜಿನ್ ಆಯಿಲಿನ ಮಂದತನ ನೋಡಬೇಕು. ಕಂಪ್ರೆಸರಿನ ಪಕ್ಕ ಡ್ರಿಲ್ ಹಿಡಿದವನ ಮುಖದ ಎತ್ತರದಲ್ಲಿ ಕಣಗಳ ಮಾಪಕ ಇಡಬೇಕು, ಯಾಕೆಂದರೆ ಆ ಹೊಗೆಯನ್ನು ದಿನವಿಡೀ ಕುಡಿಯುವವನು ಅವನೇ. ಬೀಜ ಆಯ್ದವರಿಗೆ ಕಿಲೊಗೆ ಎಷ್ಟು ಸಿಕ್ಕಿತೆಂಬುದನ್ನೂ ಅದೇ ವರದಿಯಲ್ಲಿ ಬರೆದು, ಕನ್ನಡದಲ್ಲಿ ಅಚ್ಚು ಹಾಕಿಸಿ, ಸಂತೆಗೆ ಬರುವ ಗಾಡಿಗಳ ಚಾಲಕರ ಕೈಗೆ ಕೊಡಬೇಕು.